ಯಶೋದಮ್ಮನ ಕೈಗುಣ

ಮೂಡಲಪಾಳ್ಯದ ನಮ್ಮ ಬೀದಿಯಲ್ಲಿ ಯಾವ ಮಗು ಮಲಗದೆ ಹಟ ಹಿಡಿದರೂ ಜನ ಹೇಳುತ್ತಿದ್ದ ಮಾತು ಒಂದೇ: "ಯಶೋದಮ್ಮನ ಕೈಗೆ ಕೊಡಿ." ಕೊಟ್ಟರೆ ಸಾಕು, ಮುಕ್ಕಾಲು ಗಂಟೆಯೊಳಗೆ ಮಗು ಗಾಢ ನಿದ್ದೆ. ರಾತ್ರಿ ಎಂಟಕ್ಕೆ ಮಲಗಿದ್ದು ಬೆಳಿಗ್ಗೆ ಹಾಲಿನವನು ಬರುವ ತನಕ ಮಗ್ಗುಲು ಬದಲಿಸುತ್ತಿರಲಿಲ್ಲ. ಕೈಗುಣ ಅಂದರೆ ಅದು ಅಂತ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಇಲ್ಲ, ನಂಬಿದ್ದೆ ಅನ್ನುವುದು ಪೂರ್ತಿ ನಿಜವಲ್ಲ. ಅದನ್ನೂ ಹೇಳುತ್ತೇನೆ, ಮುಚ್ಚಿಟ್ಟು ಏನೂ ಆಗಬೇಕಾದ್ದಿಲ್ಲ ಈಗ.

ನಾನು ಸುಮಾ. ಬಸವೇಶ್ವರನಗರದ ಒಂದು ಶಾಲೆಯಲ್ಲಿ ಮೂರನೇ ಕ್ಲಾಸಿನ ಟೀಚರ್. ಯಶೋದಮ್ಮನ ಮನೆಯ ಮೇಲಿನ ಮಹಡಿಯಲ್ಲಿ ಐದು ವರ್ಷದಿಂದ ಬಾಡಿಗೆಗೆ ಇದ್ದೇನೆ. ನನ್ನ ಯಜಮಾನರದು ಔಷಧಿ ಕಂಪನಿಯ ಕೆಲಸ, ವಾರದಲ್ಲಿ ನಾಲ್ಕು ದಿನ ಹಾಸನ, ಅರಸೀಕೆರೆ ಅಂತ ಸುತ್ತುತ್ತಿರುತ್ತಾರೆ. ಮಗ ಅಭಿನವ್‌ಗೆ ನಾಲ್ಕು ವರ್ಷ. ಅವನಿಗೆ ಆರು ತಿಂಗಳು ತುಂಬಿದಾಗ ನಾನು ಕೆಲಸಕ್ಕೆ ಮರಳಿದೆ. ಅವತ್ತಿನಿಂದ ಸಂಜೆಯಾದರೆ ಅವನು ಕೆಳಗೆ ಯಶೋದಮ್ಮನ ಮಡಿಲಲ್ಲಿ. ನಾನು ಮೇಲೆ ಮಕ್ಕಳ ನೋಟ್ಸ್ ತಿದ್ದುತ್ತಾ, ಬಿಸಿ ಬಿಸಿ ಊಟ ಮಾಡುತ್ತಾ ಹಾಯಾಗಿರುತ್ತಿದ್ದೆ. ಎಂಟೂವರೆಗೆ ಇಳಿದು ಹೋಗಿ, ನಿದ್ದೆ ಹೋದ ಮಗನನ್ನು ಹೆಗಲಿಗೆ ಹಾಕಿಕೊಂಡು ಬಂದರಾಯಿತು.

ಯಶೋದಮ್ಮನಿಗೆ ಅರವತ್ನಾಲ್ಕು. ಗಿಡ್ಡ ಆಳು, ಗಟ್ಟಿ ದನಿ, ಎರಡೂ ಮೊಣಕಾಲು ನೋವು. ಮಾಗಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಮೂಡಲಪಾಳ್ಯ ಇನ್ನೂ ರಾಗಿ ಬೆಳೆಯುವ ಊರಾಗಿತ್ತಂತೆ. ಈಗ ಅದೇ ಹೊಲದ ಮೇಲೆ ನಾವೆಲ್ಲ ಕುಕ್ಕರ್ ಕೂಗಿಸುತ್ತಿದ್ದೇವೆ. ಗಂಡ ನಾಗರಾಜು ಬಿನ್ನಿಪೇಟೆಯ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದವನು, ತೀರಿಹೋಗಿ ಹನ್ನೊಂದು ವರ್ಷವಾಯಿತು. ಮಗ ಕೂಸಾಗಿದ್ದಾಗ ಮನೆಯಲ್ಲಿ ಇದ್ದದ್ದು ಒಂದೇ ಕೋಣೆ. ಬೆಳಿಗ್ಗೆ ಗಂಡ ಬಂದು ಮಲಗಿದ ಮೇಲೆ ಮಗು ಅಳುವ ಹಾಗಿರಲಿಲ್ಲ. ಅತ್ತರೆ ಆ ಮನುಷ್ಯ ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯುತ್ತಿದ್ದ. ಒಮ್ಮೆ ಎಸೆದ ಹಿತ್ತಾಳೆ ಚೊಂಬು ತೊಟ್ಟಿಲಿಗೆ ಒಂದು ಗೇಣು ಆಚೆ ಬಿದ್ದಿತ್ತಂತೆ. ಮಗುವನ್ನು ಮಲಗಿಸುವ ವಿದ್ಯೆಯನ್ನು ಅವತ್ತೇ ಅತ್ತೆ ತನಗೆ ಹೇಳಿಕೊಟ್ಟದ್ದು ಅಂತ ಯಶೋದಮ್ಮ ನನಗೆ ನಗುತ್ತಲೇ ಹೇಳಿದ್ದರು.

"ಭಯ ಆಗೋದು ಕಣ್ ಟೀಚರಮ್ಮ. ಮಗ ಬಾಯ್ ತೆಗುದ್ರೆ ಸಾಕು, ನನ್ ಎದೆ ಹೊಡ್ಕೊಳ್ಳೋದು. ಆ ಭಯಕ್ಕೇ ಕಲ್ತೆ."

ಕಲಿತದ್ದನ್ನು ನಲವತ್ತು ವರ್ಷ ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದರು. ಆರು ಗಂಟೆಗೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ಟಿವಿ ಹಾಕುವಂತಿಲ್ಲ, ಯಾರೂ ಜೋರಾಗಿ ಮಾತಾಡುವಂತಿಲ್ಲ. ಸಾಂಬ್ರಾಣಿ ಹೊಗೆ. ಮಗುವಿಗೆ ಬಿಸಿನೀರು. ತುಪ್ಪ ಹಾಕಿ ಮಿದ್ದ ಅನ್ನ. ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು. ಆಮೇಲೆ ಗೋಡೆಗೆ ಒರಗಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತಾ, ಯಾರು ಯಾರು ಮಲಗಿದರು ಅಂತ ಮೆಲ್ಲಗೆ ಲೆಕ್ಕ ಒಪ್ಪಿಸುವುದು. ಕಾಗೆ ಮಲಗ್ತು. ಗುಬ್ಬಿ ಮಲಗ್ತು. ಬಸ್ಸು ಡಿಪೋಗೆ ಹೋಗಿ ಮಲಗ್ತು. ನೀರಿನ ಟ್ಯಾಂಕರ್ ಮಲಗ್ತು. ತರಕಾರಿ ಗಾಡಿ ಕೊಟ್ರಪ್ಪ ಮಲಗ್ದ. ಕೊಟ್ರಪ್ಪ ಇನ್ನೂ ಬೀದಿಯಲ್ಲಿ ಸೊಪ್ಪು ಅಂತ ಕೂಗುತ್ತಿದ್ದರೂ ಮಕ್ಕಳು ಒಪ್ಪಿಕೊಳ್ಳುತ್ತಿದ್ದವು. ಕೇಳುತ್ತಾ ಮೆಟ್ಟಿಲ ಮೇಲೆ ಕೂತ ನನಗೇ ಎಷ್ಟೋ ಸಲ ಆಕಳಿಕೆ ಬಂದಿದೆ.

ಇದಿಷ್ಟು ಎಲ್ಲರಿಗೂ ಕಾಣುತ್ತಿದ್ದದ್ದು. ಇನ್ನೊಂದು ಕಾಣದ್ದಿತ್ತು. ಮಗನನ್ನು ಮೇಲೆ ಎತ್ತಿಕೊಂಡು ಬಂದಾಗ ಅವನ ಬಾಯಿಂದ ಒಂದು ವಾಸನೆ ಬರುತ್ತಿತ್ತು, ಹಬ್ಬದ ದಿನ ಶ್ರೀಖಂಡಕ್ಕೋ ಪಾಯಸಕ್ಕೋ ಹಾಕುತ್ತೇವಲ್ಲ, ಆ ಜಾಯಿಕಾಯಿಯ ವಾಸನೆ. ನನ್ನ ಮೂಗಿಗೆ ಅದು ಮೊದಲ ವಾರದಲ್ಲೇ ತಿಳಿದಿತ್ತು. ಒಮ್ಮೆಯೂ ಕೇಳಲಿಲ್ಲ. ಹಿಂದಿನ ಕಾಲದವರು ಏನೋ ಚೂರು ಪಾರು ತೇಯ್ದು ಹಾಕುತ್ತಾರೆ, ಏನಾಗುತ್ತೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಕೇಳಿದರೆ ನಿಲ್ಲಿಸಿಬಿಡುತ್ತಾರೆ, ಎಂಟೂವರೆಯ ನನ್ನ ಹಾಯಿ ಹೋಗುತ್ತದೆ ಅನ್ನುವ ಸ್ವಾರ್ಥ ನನಗಿತ್ತು. ಶಾಲೆಯಲ್ಲಿ ಮಕ್ಕಳ ತಾಯಂದಿರಿಗೆ ಬುದ್ಧಿ ಹೇಳುವವಳು ನಾನು.

ಯಶೋದಮ್ಮನಿಗೆ ಒಬ್ಬನೇ ಮಗ, ಮಧುಕುಮಾರ್. ಮುಖ್ಯರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಸೊಸೆ ಬಿಂದುಶ್ರೀ ವಿಜಯನಗರದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗಿಗೆ ಕೂರುತ್ತಾಳೆ, ಮನೆಗೆ ಬರುವಷ್ಟರಲ್ಲಿ ಒಂಬತ್ತು. ಅವರ ಮಗಳು ಕವನಾಗೆ ಎರಡು ವರ್ಷ ಮೂರು ತಿಂಗಳು. ವಾರದಲ್ಲಿ ಆರು ದಿನ ಬಿಂದು ಬಂದಾಗ ಮಗಳು ಮಲಗಿರುತ್ತಿದ್ದಳು. ಏಳನೆಯ ದಿನ ಭಾನುವಾರ ಮಗಳು ಎಚ್ಚರವಿರುತ್ತಿದ್ದಳು, ಆದರೆ ಮಲಗಲು ಮಾತ್ರ ಅಜ್ಜಿಯೇ ಬೇಕು. ತಾಯಿ ತೊಡೆಯ ಮೇಲೆ ಹಾಕಿಕೊಂಡರೆ ಬೆನ್ನು ಬಿಲ್ಲಾಗಿಸಿ ಕಿರುಚುತ್ತಿದ್ದಳು. ಹೆತ್ತವಳಿಗೆ ಹೇಗಾಗಬೇಡ? ಬಿಂದು ಒಂದು ದಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಅತ್ತಳು.

"ನನ್ ಮಗು ನನ್ ಹತ್ರ ಮಲಗಲ್ಲ ಅಂದ್ರೆ ಏನ್ ಸುಮಕ್ಕ ಇದು? ನಾನೇನ್ ಮಾರಿ ಥರ ಕಾಣ್ತೀನಾ ಅವಳಿಗೆ?"

ಆಮೇಲೆ ಫೋನಿನಲ್ಲಿ ಏನೇನೋ ನೋಡಿ ಒಂದು ಚಾರ್ಟ್ ಮಾಡಿದಳು. ಬಣ್ಣದ ಪೆನ್ನಿನಲ್ಲಿ ಬರೆದು ಮಲಗುವ ಕೋಣೆಯ ಗೋಡೆಗೆ ಅಂಟಿಸಿದಳು. ಆರೂವರೆಗೆ ಸ್ನಾನ, ಏಳಕ್ಕೆ ಹಾಲು, ಏಳೂಕಾಲಿಗೆ ಚಿತ್ರದ ಪುಸ್ತಕ, ಏಳೂವರೆಗೆ ಲೈಟ್ ಆಫ್. ಭಾನುವಾರ ಅತ್ತೆ ಆ ಕೋಣೆಗೆ ಕಾಲಿಡಬಾರದು ಅನ್ನುವುದು ಚಾರ್ಟಿನಲ್ಲಿ ಇರಲಿಲ್ಲ, ಬಾಯಲ್ಲಿ ಹೇಳಿದಳು. ಯಶೋದಮ್ಮ ಮೂಗು ಮುರಿದರು. "ಮಗು ಏನ್ ರೈಲಾ, ಟೈಮ್ ಟೇಬಲ್ ಹಾಕಕ್ಕೆ?" ಅಂತ ನನ್ನ ಹತ್ತಿರ ಅಂದರು. ತಮ್ಮದೂ ಅದೇ ಟೈಮ್ ಟೇಬಲ್ಲೇ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ. ನನಗೆ ಹೊಳೆದಿತ್ತು, ಅತ್ತೆ ಸೊಸೆಯ ನಡುವೆ ಬಾಯಿ ಹಾಕುವುದೇಕೆ ಅಂತ ಸುಮ್ಮನಿದ್ದೆ.

ಮೂರು ಭಾನುವಾರ ಚಾರ್ಟ್ ಸೋತಿತು. ಏಳೂವರೆಗೆ ದೀಪ ಆರಿಸಿದರೆ ಎಂಟೂವರೆಯ ತನಕ ಕವನಾ ಅಜ್ಜಿ ಅಜ್ಜಿ ಅಂತ ಬಾಗಿಲು ಬಡಿಯುತ್ತಿದ್ದಳು. ಕೊನೆಗೆ ಬಿಂದುವೇ ಬಾಗಿಲು ತೆಗೆದು, ಮುಖ ಆಚೆ ತಿರುಗಿಸಿಕೊಂಡು ಮಗಳನ್ನು ಅತ್ತೆಯ ಕೈಗೆ ಕೊಡುತ್ತಿದ್ದಳು. ನಾಲ್ಕನೆಯ ಭಾನುವಾರ ನಡೆದದ್ದನ್ನೇ ನಾನು ಹೇಳಲು ಹೊರಟದ್ದು.

ಅವತ್ತು ಎಂಟು ಗಂಟೆಗೇ ಅಭಿನವ್‌ನನ್ನು ಕರೆದುಕೊಂಡು ಬರಲು ಇಳಿದೆ. ಅವನು ನಡುಮನೆಯಲ್ಲಿ ಚಾಪೆಯ ಮೇಲೆ ನಿದ್ದೆ ಹೋಗಿದ್ದ. ಕೋಣೆಯೊಳಗೆ ಕವನಾ ಇನ್ನೂ ಮುಲುಗುತ್ತಿದ್ದಳು. ತುಂತುರು ಮಳೆ ಶುರುವಾಯಿತು, ಬಿಂದು ಒಣಗಿದ ಬಟ್ಟೆ ತರಲು ಹಿತ್ತಲಿಗೆ ಓಡಿದಳು. ಅದೇ ಹೊತ್ತಿಗೆ ಯಶೋದಮ್ಮ ಅಡಿಗೆಮನೆಯಿಂದ ಬಂದು, ನನ್ನ ಕಣ್ಣೆದುರೇ ಕೋಣೆಯೊಳಗೆ ನುಸುಳಿ, ಒಂದು ನಿಮಿಷದಲ್ಲಿ ಈಚೆ ಬಂದರು. ತೋರುಬೆರಳನ್ನು ಸೆರಗಿಗೆ ಒರೆಸಿಕೊಂಡು ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ನಾನು ನಕ್ಕೆ.

ಅರ್ಧ ಗಂಟೆಯ ಮೇಲೆ ಬಿಂದು ಮೆಟ್ಟಿಲು ಹತ್ತಿ ಓಡಿ ಬಂದಳು. ಮುಖ ಅರಳಿತ್ತು. "ಸುಮಕ್ಕ, ಮಲಗಿದ್ಲು! ನನ್ ಕೈಲೇ ಮಲಗಿದ್ಲು! ಅತ್ತೆ ಒಳಗೇ ಬರ್ಲಿಲ್ಲ ಗೊತ್ತಾ?" ಕೆಳಗೆ ಯಶೋದಮ್ಮ ಪಾತ್ರೆ ತೊಳೆಯುತ್ತಾ ಏನೋ ಗುನುಗುತ್ತಿದ್ದರು. ಇಬ್ಬರೂ ಗೆದ್ದ ರಾತ್ರಿ ಅದು. ನಾನು ಬಿಂದುವಿಗೆ "ಶಭಾಷ್ ಕಣೇ" ಅಂದೆ, ಬಾಗಿಲು ಹಾಕಿಕೊಂಡೆ, ಮಲಗಿದೆ.

ಕವನಾ ದಿನಾ ಐದೂವರೆಗೆ ಏಳುವ ಮಗು. ಸೋಮವಾರ ಆರಾಯಿತು, ಏಳಲಿಲ್ಲ. ಆರೂವರೆಯಾಯಿತು. ಚೆನ್ನಾಗಿ ನಿದ್ದೆ ಹತ್ತಿದೆ, ಎಬ್ಬಿಸಬೇಡ ಅಂತ ಅತ್ತೆ ಸೊಸೆಗೆ ಹೇಳಿದರಂತೆ. ಹೌದು, ಮಲಗಲಿ ಬಿಡಿ ಅಂತ ಸೊಸೆ ಒಪ್ಪಿದಳಂತೆ. ಬಿಂದು ಮದುವೆಯಾಗಿ ಬಂದ ಐದು ವರ್ಷದಲ್ಲಿ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅವತ್ತೇ ಇರಬೇಕು. ಏಳು ಗಂಟೆಗೆ ನಾನು ಅಭಿನವ್‌ಗೆ ಶೂ ಹಾಕುತ್ತಿದ್ದಾಗ ಕೆಳಗಿನಿಂದ ಬಿಂದು ಕೂಗಿಕೊಂಡದ್ದು ಕೇಳಿಸಿತು. ಅಂಥ ಕೂಗನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮಗನ ಒಂದು ಕಾಲಿನ ಶೂ ಕೈಯಲ್ಲೇ ಹಿಡಿದುಕೊಂಡು ಓಡಿದೆ.

ಕವನಾಳ ಮುಖ ಕೆಂಪಗೆ ಕಾದಿತ್ತು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಕಣ್ಣು ಅರ್ಧ ತೆರೆದಿತ್ತು, ಆದರೆ ಆ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ತಾಯಿ ಕೆನ್ನೆ ತಟ್ಟಿದರೆ ತಲೆ ಆ ಕಡೆಗೆ ವಾಲುತ್ತಿತ್ತು, ಇನ್ನೊಂದು ಕೆನ್ನೆ ತಟ್ಟಿದರೆ ಈ ಕಡೆಗೆ. ನಡುನಡುವೆ ಪುಟ್ಟ ಕೈ ಎತ್ತಿ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತಿದ್ದಳು. ಎದೆಯ ಮೇಲೆ ಕೈಯಿಟ್ಟೆ. ಎದೆ ಅಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು, ನನ್ನ ಕೈ ತಾನಾಗಿ ಹಿಂದಕ್ಕೆ ಬಂತು. ನನಗೆ ಮೊದಲು ಬಂದ ಯೋಚನೆ ಕವನಾಳದ್ದಲ್ಲ. ಮೇಲೆ ಒಂದೇ ಶೂ ಹಾಕಿಕೊಂಡು ನಿಂತಿದ್ದ ನನ್ನ ಮಗನದು. ಅವನು ಮೆಟ್ಟಿಲ ತುದಿಯಿಂದ "ಅಮ್ಮಾ" ಅಂತ ಕರೆದ ಮೇಲೆಯೇ ನನಗೆ ಉಸಿರು ಬಂದದ್ದು.

ಮಧುಕುಮಾರ್ ಕಾರು ತೆಗೆದ. ಮುಂದಿನ ಸೀಟಿನಲ್ಲಿ ಬಿಂದು, ತೊಡೆಯ ಮೇಲೆ ಮಗಳು. ಹಿಂದೆ ನಾನು, ಯಶೋದಮ್ಮ, ನಡುವೆ ಅಭಿನವ್. ಚಂದ್ರಾ ಲೇಔಟಿನ ಕಡೆ ಒಂದು ಮಕ್ಕಳ ಆಸ್ಪತ್ರೆಯಿದೆ, ಹತ್ತು ನಿಮಿಷದ ದಾರಿ. ಅವತ್ತು ಸ್ಕೂಲ್ ವ್ಯಾನುಗಳೆಲ್ಲ ಒಟ್ಟಿಗೆ ರಸ್ತೆಗೆ ಬಿದ್ದಿದ್ದವು. ಮಧು ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಬಿಂದು ಒಂದೇ ಸಮನೆ ಮಗಳ ಹೆಸರು ಕರೆಯುತ್ತಿದ್ದಳು, ಕವನಾ ಕವನಾ ಕವನಾ ಅಂತ.

ಯಶೋದಮ್ಮ ನನ್ನ ಮುಂಗೈ ಹಿಡಿದುಕೊಂಡರು. ಮುಂದಿನವರಿಗೆ ಕೇಳಿಸದಷ್ಟು ಮೆಲ್ಲಗೆ ನನ್ನ ಕಿವಿಯಲ್ಲಿ ಅಂದರು:

"ಎರಡೇ ಸುತ್ತು ಕಣ್ ಟೀಚರಮ್ಮ. ಜಾಯ್ಕಾಯಿ, ಕಲ್ ಮೇಲೆ ಎರಡೇ ಸುತ್ತು ತೇಯ್ದಿದ್ದು. ನಮ್ಮತ್ತೆ ಹೇಳ್ಕೊಟ್ಟಿದ್ದು ಅಷ್ಟೇ. ದಿನಾ ಕೊಡೋದು ಅಷ್ಟೇ. ನಿನ್ ಮಗಂಗೂ ಅಷ್ಟೇ."

"ಡಾಕ್ಟರಿಗೆ ಹೇಳ್ಬೇಕು ನೀವು."

"ಬ್ಯಾಡ ಕಣವ್ವ. ಹೇಳಿದ್ರೆ ಆ ಮಗೂನ ಇನ್ ನನ್ ಕೈಗೆ ಕೊಡಲ್ಲ ಅವ್ರು. ನೀನೂ ಹೇಳ್ಬ್ಯಾಡ. ನಿನ್ ಕಾಲಿಗೆ ಬೀಳ್ತೀನಿ."

ನನಗೆ ತಡೆಯಲಾರದ ಸಿಟ್ಟು ಬಂತು. ಅವರ ಮೇಲೆ ಎಷ್ಟೋ ಅಷ್ಟೇ ನನ್ನ ಮೇಲೂ. ಮಗು ಮುಂದಿನ ಸೀಟಿನಲ್ಲಿ ಗಾಳಿ ಹಿಡಿಯುತ್ತಿದೆ, ಈಕೆ ಕೈಗೆ ಕೊಡುವ ಬಿಡುವ ಮಾತಾಡುತ್ತಿದ್ದಾರೆ. ಆದರೂ ನಾನು ತಕ್ಷಣ ಬಾಯಿ ಬಿಡಲಿಲ್ಲ. ಒಂದು ಸಿಗ್ನಲ್ ಪೂರ್ತಿ ಸುಮ್ಮನೆ ಕೂತೆ. ವಾಸನೆ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂತ ಬಿಂದು ಕೇಳಿದರೆ ಏನು ಹೇಳಲಿ ಅಂತ ಉತ್ತರ ಹುಡುಕುತ್ತಿದ್ದೆ. ಆ ಒಂದು ನಿಮಿಷಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹಸಿರು ದೀಪ ಬಿದ್ದಾಗ ಹೇಳಿದೆ. "ಆಸ್ಪತ್ರೆ ಬರೋ ತನಕ ಟೈಮ್ ಕೊಡ್ತೀನಿ ಯಶೋದಮ್ಮ. ನೀವ್ ಹೇಳ್ತೀರೋ, ನಾನ್ ಹೇಳ್ಲೋ?"

ಅವರು ನನ್ನ ಕೈ ಬಿಟ್ಟರು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕವನಾಳ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು ನೋಡಿದರು, ನಾಲಗೆ ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ನರ್ಸಿಗೆ ಏನೋ ಹೇಳಿದರು, ಅವಳು ಓಡಿದಳು.

"ನಿನ್ನೆ ಏನ್ ಕೊಟ್ರಿ ಮಗೂಗೆ? ಸಿರಪ್, ಮಾತ್ರೆ, ಮನೆ ಮದ್ದು? ಏನೇ ಆಗ್ಲಿ, ಈಗ್ಲೇ ಹೇಳಿ. ಬೈಯಲ್ಲ ನಾನು. ತಿಳಿದ್ರೆ ಬೇಗ ಏನಾದ್ರೂ ಮಾಡ್ಬೋದು."

ಮಧು "ಏನೂ ಇಲ್ಲ ಮೇಡಂ, ಹಾಲು, ಅನ್ನ" ಅಂದ. ಬಿಂದು ಮಗಳ ಪಾದ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅದನ್ನು ನೋಡಿದರೋ ಏನೋ, ಯಶೋದಮ್ಮ ಡಾಕ್ಟರಿಗೆ ಎರಡೂ ಕೈ ಜೋಡಿಸಿ ಜೋರಾಗಿ ಅಂದುಬಿಟ್ಟರು.

"ನಾನ್ ಕೊಟ್ಟೆ ಕಣವ್ವ. ಜಾಯ್ಕಾಯಿ ತೇಯ್ದು ನಾಲ್ಗೆಗೆ ಹಚ್ದೆ. ದಿನಾ ಹಚ್ತೀನಿ. ನಂಗೆ ಏನ್ ಬೇಕಾದ್ರೂ ಮಾಡ್ಕಳಿ, ಮಗೂನ ಉಳಿಸ್ಕೊಡಿ."

"ಅಮ್ಮಾ!" ಅಂದ ಮಧು. ಕೈ ಎತ್ತಿಯೇ ಬಿಡುತ್ತಾನೋ ಅನ್ನಿಸಿತು, ಅಷ್ಟು ಸಿಟ್ಟಿತ್ತು ಆ ದನಿಯಲ್ಲಿ. ಮಲಗಿಸುವ ವಿದ್ಯೆಯನ್ನು ಯಾವ ಮಗುವಿಗೋಸ್ಕರ ಕಲಿತರೋ ಆ ಮಗು ಅವನೇ. ಯಶೋದಮ್ಮ ತಲೆ ಬಗ್ಗಿಸಿ, ಏಟು ಬೀಳುತ್ತದೆ ಅನ್ನುವವರ ಹಾಗೆ ಕಣ್ಣು ಮುಚ್ಚಿಕೊಂಡರು. ಆ ಮೈ ಮುದುಡಿದ ರೀತಿ ನೋಡಿ ನನಗೆ ಕಣ್ಣಲ್ಲಿ ನೀರು ಬಂತು.

ಡಾಕ್ಟರ್ ಎಷ್ಟು ಅಂತ ಕೇಳಿದರು. ಯಶೋದಮ್ಮ ಅಂಗೈಯನ್ನೇ ಕಲ್ಲು ಮಾಡಿಕೊಂಡು ಬೆರಳಿನಿಂದ ಎರಡು ಸುತ್ತು ತೋರಿಸಿದರು. ಡಾಕ್ಟರ್ ಹುಬ್ಬು ಗಂಟಿಕ್ಕಿದರು. "ಅದೂ ಕೊಡಬಾರ್ದಿತ್ತು ಅಜ್ಜಿ. ಆದ್ರೆ ಇವಳನ್ನ ನೋಡಿದ್ರೆ ಅದೊಂದೇ ಅಲ್ಲ ಅನ್ನಿಸ್ತಿದೆ. ಇನ್ನೂ ಏನೋ ಹೋಗಿದೆ ಒಳಗೆ."

ಆಗ ಬಿಂದು ನೆಲಕ್ಕೆ ಕುಸಿದಳು. ಮಗಳ ಪಾದ ಬಿಟ್ಟಿರಲಿಲ್ಲ, ಕೂತಲ್ಲಿಂದಲೇ ಹೇಳಿದಳು. "ಅರ್ಧ ಚಮಚ. ಜಾಯ್ಕಾಯಿ ಪುಡಿ. ಹಾಲಿಗೆ ಹಾಕಿದ್ದೆ. ನಮ್ಮಮ್ಮ ಫೋನಲ್ಲಿ ಚಿಟಿಕೆ ಹಾಕು ಅಂದಿದ್ರು. ಚಿಟಿಕೇಲಿ ಮಲಗ್ತಾಳೋ ಇಲ್ವೋ ಅಂತ..."

ಏಳು ಗಂಟೆಯ ಹಾಲಿನಲ್ಲಿ ತಾಯಿ ಕೊಟ್ಟಿದ್ದಳು. ಅದು ಮೈಗೆ ಹತ್ತಲು ಗಂಟೆಗಟ್ಟಲೆ ಬೇಕು ಅಂತ ಅವಳಿಗೆ ತಿಳಿಯದು. ಎಂಟಾದರೂ ಮಗು ಮುಲುಗುತ್ತಿದೆಯಲ್ಲ ಅಂತ ಅಜ್ಜಿ ಅದರ ಮೇಲೆ ಇನ್ನೊಂದಿಷ್ಟು ನಾಲಗೆಗೆ ಹಚ್ಚಿದ್ದರು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಏಕೆಂದರೆ ಇಬ್ಬರಿಗೂ ಅದು ತನ್ನ ಕೈಗುಣ ಅನ್ನಿಸಿಕೊಳ್ಳಬೇಕಿತ್ತು. ಅಜ್ಜಿ ಹಚ್ಚಿ ಬಂದದ್ದನ್ನು ಕಣ್ಣಾರೆ ಕಂಡು ನಕ್ಕವಳು ನಾನು.

"ಇದಕ್ಕೆ ಎದುರು ಔಷಧಿ ಅಂತ ಏನಿಲ್ಲ" ಅಂದರು ಡಾಕ್ಟರ್. "ಡ್ರಿಪ್ ಹಾಕ್ತೀವಿ, ಉಸಿರು, ಎದೆಬಡಿತ ನೋಡ್ಕೊಂಡಿರ್ತೀವಿ. ಅದು ಮೈಯಿಂದ ಇಳಿಯೋ ತನಕ ಕಾಯ್ಬೇಕು." ಎಷ್ಟು ಹೊತ್ತು ಅಂತ ಮಧು ಕೇಳಿದ. ಹೇಳಲಾಗದು ಅಂದರು. ಮಗುವನ್ನು ಒಳಗೆ ತೆಗೆದುಕೊಂಡು ಹೋದರು.

ಹೋಗುವ ಮುಂಚೆ ನಾನು ಡಾಕ್ಟರನ್ನು ಬಾಗಿಲಲ್ಲಿ ತಡೆದೆ. ಅಭಿನವ್‌ನ ಕೈ ಬಿಗಿಯಾಗಿ ಹಿಡಿದುಕೊಂಡು, ಇವನಿಗೂ ಮೂರೂವರೆ ವರ್ಷದಿಂದ ಅಜ್ಜಿ ಹಚ್ಚುತ್ತಿದ್ದರು, ಇವನನ್ನೂ ನೋಡಿ ಅಂದೆ. ಅವರು ಅಲ್ಲೇ ಬಗ್ಗಿ ಅವನ ಕಣ್ಣು ನೋಡಿದರು, ನಾಡಿ ನೋಡಿದರು, ಚೆನ್ನಾಗಿದ್ದಾನೆ ಅಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು, "ನಿಮಗೆ ಗೊತ್ತಿತ್ತಾ?"

"ವಾಸನೆ ಬರ್ತಿತ್ತು" ಅಂದೆ. ಬಿಂದು ಅಲ್ಲೇ ಗೋಡೆಗೊರಗಿ ಕೂತಿದ್ದಳು, ಕೇಳಿಸಿಕೊಂಡಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಆ ಇಡೀ ಸೋಮವಾರ ಆ ಪಡಸಾಲೆಯಲ್ಲಿ ನಾವು ಕಾದೆವು. ಅತ್ತೆ ಒಂದು ಬೆಂಚಿನಲ್ಲಿ, ಸೊಸೆ ಎದುರು ಬೆಂಚಿನಲ್ಲಿ. ಒಳಗಿನಿಂದ ಯಂತ್ರದ ಟಿಕ್ ಟಿಕ್ ಕೇಳಿಸುತ್ತಿತ್ತು, ಅದು ಒಂದಿಷ್ಟು ಬೇಗವಾದರೂ ಎಲ್ಲರೂ ಎದ್ದು ನಿಲ್ಲುತ್ತಿದ್ದೆವು, ನಿಧಾನವಾದರೂ ಎದ್ದು ನಿಲ್ಲುತ್ತಿದ್ದೆವು. ಯಶೋದಮ್ಮ ಯಾವ ದೇವರಿಗೂ ಹರಕೆ ಹೊರಲಿಲ್ಲ. ಕೇಳಿದ್ದಕ್ಕೆ "ಯಾವ್ ಮುಖ ಇಟ್ಕೊಂಡ್ ಕೇಳ್ಲಿ?" ಅಂದರು. ಸಂಜೆ ಅಭಿನವ್ ನನ್ನ ತೊಡೆಯ ಮೇಲೆ ತೂಕಡಿಸಿದ. ಅವನು ತಾನಾಗಿ ನಿದ್ದೆ ಹೋಗುತ್ತಿದ್ದಾನೆ ಅಂತ ಗೊತ್ತಿದ್ದೂ ಅಲ್ಲಾಡಿಸಿ ಎಬ್ಬಿಸಿದೆ. ಪಾಪ, ಅಳತೊಡಗಿದ.

ಮಂಗಳವಾರ ಮಧ್ಯಾಹ್ನ ಕವನಾ ಕಣ್ಣು ಪೂರ್ತಿ ತೆರೆದಳು. ತಾಯಿಯನ್ನು ನೋಡಿ ನೀರು ಕೇಳಿದಳು. ಇನ್ನೊಂದು ದಿನ ಇಟ್ಟುಕೊಂಡು, ಏನೂ ತೊಂದರೆಯಿಲ್ಲ ಅಂತ ಬುಧವಾರ ಸಂಜೆ ಮನೆಗೆ ಕಳಿಸಿದರು. ಮಗು ಬಂದದ್ದೇ ತಡ, ಏನೂ ಆಗದವಳ ಹಾಗೆ ಮಧುವಿನ ಚಪ್ಪಲಿ ಹಾಕಿಕೊಂಡು ಮನೆಯೆಲ್ಲ ಓಡಾಡಿದಳು. ಬೀದಿಯ ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಯಶೋದಮ್ಮನ ಮನೆಗೆ ಕಳಿಸುವುದು ಅಷ್ಟರಲ್ಲೇ ನಿಂತಿತ್ತು. ಎದುರು ಮನೆಯ ಅಂಜಮ್ಮ ಬಾಗಿಲಲ್ಲೇ ನಿಂತು ಬಾಯಿಗೆ ಬಂದದ್ದು ಅಂದು ಹೋದಳು. ಯಶೋದಮ್ಮ ತೇಯುವ ಕಲ್ಲನ್ನು ಕಸದ ಗಾಡಿಗೆ ಹಾಕಿದರು. ಮಗು ಉಳಿಯಿತಲ್ಲ, ಇನ್ನು ಎಲ್ಲ ಸರಿಹೋಗುತ್ತದೆ ಅಂದುಕೊಂಡೆ ನಾನು. ನನ್ನ ಬುದ್ಧಿಯೇ ಅಷ್ಟು.

ಅವತ್ತು ರಾತ್ರಿ ಹತ್ತಾದರೂ ಕೆಳಗೆ ಟಿವಿ ಕಿರುಚುತ್ತಿತ್ತು. ಮನೆಯ ಎಲ್ಲ ದೀಪವೂ ಉರಿಯುತ್ತಿತ್ತು. ಮರುದಿನವೂ ಅಷ್ಟೇ. ಕವನಾ ಅಳುತ್ತಿದ್ದಳು, ಅದು ಹಟದ ಅಳುವಲ್ಲ, ಸುಸ್ತಿನ ಅಳು. ಮೂರನೆಯ ರಾತ್ರಿ ತಾಳಲಾರದೆ ಇಳಿದು ಹೋದೆ. ನೋಡಿದರೆ ಮಗು ನಡುಮನೆಯಲ್ಲಿ ಕೂತಿದೆ. ಕಣ್ಣು ಮುಚ್ಚುತ್ತಾ ತಲೆ ಕೆಳಗೆ ಬಿದ್ದರೆ ಬಿಂದು ಕೆನ್ನೆ ತಟ್ಟುತ್ತಾಳೆ, "ಕವನಾ, ಇಲ್ ನೋಡು, ಬೊಂಬೆ ನೋಡು." ಇನ್ನೊಂದು ಸಲ ತಲೆ ಬಿದ್ದರೆ ಯಶೋದಮ್ಮ ಒದ್ದೆ ಬಟ್ಟೆಯಲ್ಲಿ ಮುಖ ಒರೆಸುತ್ತಾರೆ. ನಾಲ್ಕು ಭಾನುವಾರ ಆ ಮಗುವನ್ನು ಮಲಗಿಸಲು ಕಿತ್ತಾಡಿದ ಇಬ್ಬರು, ಈಗ ಒಬ್ಬರಿಗೊಬ್ಬರು ಮಾತಿಲ್ಲದೆ, ಸರದಿಯ ಮೇಲೆ ಅದನ್ನು ಎಬ್ಬಿಸುತ್ತಿದ್ದರು. ಇಬ್ಬರ ಕಣ್ಣೂ ಕೆಂಡವಾಗಿತ್ತು.

"ತಲೆ ಕೆಟ್ಟಿದ್ಯಾ ನಿಮಗೆ?" ಅಂತ ನಾನು ಕೂಗಿದೆ. "ಮಲಗಕ್ಕೆ ಬಿಡ್ರಿ ಆ ಮಗೂನ!"

"ಮಲಗಿದ್ರೆ ಏಳ್ದೇ ಹೋದ್ರೆ?" ಅಂದಳು ಬಿಂದು. ಅಂದವಳೇ ತಾನಂದ ಮಾತಿಗೆ ತಾನೇ ಹೆದರಿ ಬಾಯಿ ಮುಚ್ಚಿಕೊಂಡಳು.

ಮೂರು ರಾತ್ರಿಯಿಂದ ನಾನೂ ಮಗನ ಪಕ್ಕ ಕೂತು ಅವನ ಹೊಟ್ಟೆ ಏರುವುದು ಇಳಿಯುವುದು ನೋಡುತ್ತಿದ್ದೆ. ಟಿವಿ ಆರಿಸಿದೆ. ದೊಡ್ಡ ದೀಪ ಆರಿಸಿದೆ. ಅವರ ಪಕ್ಕ ನೆಲದ ಮೇಲೆ ಕೂತೆ. ಯಶೋದಮ್ಮ ಗೋಡೆಗೊರಗಿ ಕೂತಿದ್ದರು, ಕಾಲು ಮಡಿಸಿಕೊಂಡು, ಸೆರಗಿನೊಳಗೆ ಕೈ ಬಚ್ಚಿಟ್ಟುಕೊಂಡು. ಕವನಾ ತೂರಾಡುತ್ತಾ ಎದ್ದು ಹೋಗಿ, ಅಜ್ಜಿಯ ಮೊಣಕಾಲು ಹಿಡಿದು ಕೆಳಕ್ಕೆ ತಳ್ಳಿದಳು, ಕಾಲು ನೀಡು ಅಂತ.

"ಬ್ಯಾಡ ಚಿನ್ನ. ಅಮ್ಮನ್ ಹತ್ರ ಹೋಗು" ಅಂದರು ಯಶೋದಮ್ಮ. "ಬಿಂದು, ಎತ್ಕಳವ್ವ ಇವಳ್ನ. ನಂಗೆ ಭಯ ಆಯ್ತದೆ."

ಬಿಂದು ಎದ್ದಳು. ಮಗಳನ್ನು ಎತ್ತಿಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಹೋಗಿ ಅತ್ತೆಯ ಪಕ್ಕ, ಮೈಗೆ ಮೈ ತಾಗುವಂತೆ ಕೂತಳು. "ನಂಗೂ ಭಯ ಆಗತ್ತೆ ಅತ್ತೆ. ಕಾಲ್ ನೀಡಿ. ನಾನ್ ಇಲ್ಲೇ ಇರ್ತೀನಿ."

ಯಶೋದಮ್ಮ ಕಾಲು ನೀಡಿದರು. ಯಾರು ಯಾರು ಮಲಗಿದರು ಅಂತ ಲೆಕ್ಕ ಒಪ್ಪಿಸಲಿಲ್ಲ, ತೂಗಲಿಲ್ಲ, ಎಣ್ಣೆ ಹಚ್ಚಲಿಲ್ಲ. ಮಗು ಕಾಲ ಮೇಲೆ ಉರುಳಿಕೊಂಡಿತು, ಎರಡು ನಿಮಿಷದಲ್ಲಿ ನಿದ್ದೆ. ಒಂದು ಕೈ ಅಜ್ಜಿಯದು, ಒಂದು ಕೈ ತಾಯಿಯದು, ಎರಡೂ ಆ ಪುಟ್ಟ ಬೆನ್ನಿನ ಮೇಲೆ. ನಾನು ಮೇಲೆ ಬಂದೆ.

ನನಗೆ ನಿದ್ದೆ ಬರಲಿಲ್ಲ. ಕೆಳಗೆ ಒಂದು ಸದ್ದಿಲ್ಲ. ಆ ನಿಶ್ಶಬ್ದಕ್ಕೇ ಭಯವಾಗುತ್ತಿತ್ತು. ನಾಲ್ಕಾಯಿತು, ಐದಾಯಿತು. ಹಾಲಿನ ಆಟೋ ಬಂದು ಹೋಯಿತು. ಐದೂವರೆ ದಾಟಿತು, ಐದು ಮುಕ್ಕಾಲಾಯಿತು. ಎದ್ದು ಕೂತೆ, ಕಾಲು ಚಪ್ಪಲಿ ಹುಡುಕುತ್ತಿತ್ತು. ಆಗ ಕೆಳಗಿನಿಂದ ಕವನಾ ಹಾಲು ಬೇಕು ಅಂತ ಕಿರುಚಿದ್ದು ಕೇಳಿಸಿತು. ಅದರ ಹಿಂದೆಯೇ, ಇಡೀ ಬೀದಿಗೆ ಕೇಳುವಂತೆ, ನಲವತ್ತು ವರ್ಷ ಆ ಬೀದಿಯ ಮಕ್ಕಳನ್ನು ಮಲಗಿಸಿದ ಆ ಹೆಂಗಸಿನ ಗಟ್ಟಿ ದನಿ ಅಳುತ್ತಾ ಕೂಗಿತು:

"ಎದ್ಲು ಕಣೇ ಬಿಂದು! ಎದ್ಲು!"